ಬೀಗರ ಮನೆಯ ತೋಪಿನ ಗುಂಡು

"ಇವತ್ತ ಒಂದಿನ ಆ ಕಬ್ಬಿಣದ ಮಾತು ತಗೀಬ್ಯಾಡ ತಮ್ಮಾ, ನಿನ್ನ ಕಾಲ ಬೀಳ್ತೀನಿ," ಎಂದು ಜಗದೇವಿ ಕಾರು ಹತ್ತುವ ಮೊದಲೇ ಅಂಬರೀಷನಿಂದ ಮಾತು ತೆಗೆದುಕೊಂಡಿದ್ದಳು. ಹುಮನಾಬಾದು ದಾಟಿ ಹೈವೇ ಹಿಡಿದ ಮೇಲೆ ಹಿಂದಿನ ಸೀಟಿನಿಂದ ಬಗ್ಗಿ ಮತ್ತೊಮ್ಮೆ ನೆನಪಿಸಿದಳು. ಕಾರು ನಡೆಸುತ್ತಿದ್ದ ಅವಳ ಗಂಡ ದಿಗಂಬರ ಮೀಸೆಯಲ್ಲೇ ನಕ್ಕ.

ಅವಳ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಅಂಬರೀಷನಿಗೆ ಹಳೆಯ ಬಸ್‌ಸ್ಟ್ಯಾಂಡಿನ ಬಳಿ ಪಂಪುಸೆಟ್ಟಿನ ಬಿಡಿಭಾಗಗಳ ಅಂಗಡಿಯಿತ್ತು. ಅದರ ಹಿಂದಿನ ಕೋಣೆ ಮಾತ್ರ ಪೂರ್ತಿ ಅವನ ಹುಚ್ಚಿಗೆ ಮೀಸಲು. ಕೋಟೆಗಳ ಕಂದಕದಲ್ಲಿ ಸಿಕ್ಕ ಕಲ್ಲಿನ ಗುಂಡು, ಬೀಡುಕಬ್ಬಿಣದ ಗುಂಡು, ಗುಜರಿಯವರಿಂದ ತಂದ ಹಿತ್ತಾಳೆಯ ಖಾಲಿ ಕವಚ, ಮೂಗು ಕಿತ್ತುಹೋದ ಶೆಲ್ಲುಗಳು, ಎಲ್ಲವೂ ಅಲ್ಲಿ ಸಾಲಾಗಿ ಕುಳಿತಿದ್ದವು. ಯಾರಾದರೂ ಕೇಳಿದರೆ ಸಾಕು, ಇದು ಯಾವ ತೋಪಿನದು, ಯಾವ ಕಾಲದ್ದು, ಎಂಥ ಮದ್ದು ತುಂಬುತ್ತಿದ್ದರು ಎಂದು ಹೇಳುತ್ತ ಊಟದ ಹೊತ್ತು ಮೀರಿಸುತ್ತಿದ್ದ. ಹಿಂದೊಮ್ಮೆ ನೆಂಟರ ಮನೆಯ ತೊಟ್ಟಿಲ ಕಾರ್ಯದಲ್ಲಿ ಈ ಪುರಾಣ ಶುರುವಾಗಿ, ಸುತ್ತ ಕುಳಿತವರು ಒಬ್ಬೊಬ್ಬರಾಗಿ ಎದ್ದುಹೋಗಿ, ಕೊನೆಗೆ ಅವನ ಮುಂದೆ ಉಳಿದದ್ದು ಕಿವಿ ಕೇಳಿಸದ ಮುದುಕನೊಬ್ಬ. ಅಂದಿನಿಂದ ಜಗದೇವಿಗೆ ತಮ್ಮನನ್ನು ನಾಲ್ಕು ಜನರ ನಡುವೆ ಕರೆದೊಯ್ಯುವುದೆಂದರೆ ಎದೆ ಢವಢವ.

ಆದರೆ ಇವತ್ತು ಬಿಟ್ಟುಹೋಗುವಂತಿರಲಿಲ್ಲ. ಮಗಳು ವರ್ಷಾಗೆ ಬಸವಕಲ್ಯಾಣದ ಸಂಬಂಧ ಕೂಡಿಬಂದಿತ್ತು. ಹುಡುಗ ಜ್ಞಾನೇಶ್ವರ, ಹನಿ ನೀರಾವರಿ ಪೈಪುಗಳ ವ್ಯಾಪಾರ. ಹೋದ ತಿಂಗಳು ಅವರು ಬಂದು ಹೆಣ್ಣು ನೋಡಿ ಒಪ್ಪಿಹೋಗಿದ್ದರು. ಈಗ ಹೆಣ್ಣಿನ ಕಡೆಯವರು ಹೋಗಿ ಮನೆ ನೋಡಬೇಕು. ಸೋದರಮಾವನಿಲ್ಲದೆ ಹೋದರೆ ಬೀಗರು ಏನೆಂದುಕೊಂಡಾರು?

ಕೋಟೆಯ ಹಿಂಬದಿಯ ಓಣಿಯಲ್ಲಿ ಆ ಮನೆ. ಹಳೆಯ ಕಲ್ಲಿನ ಗೋಡೆ, ಮೇಲೆ ಹೊಸ ಸಿಮೆಂಟಿನ ಮಹಡಿ, ಮುಂದೆ ಬೇವಿನ ಮರ. ಹುಡುಗನ ತಂದೆ ಗುರುನಾಥ ಹೊಲ ಮನೆ ಚೆನ್ನಾಗಿ ಇಟ್ಟುಕೊಂಡ ಗಟ್ಟಿ ಆಸಾಮಿ. ಬಾಗಿಲಿಗೆ ಬಂದು ಕೈಹಿಡಿದು ಒಳಗೆ ಕರೆದುಕೊಂಡ. ಹುಡುಗನ ಅಜ್ಜಿ ಧೂಳಮ್ಮ ಅಡುಗೆಮನೆಯ ಬಾಗಿಲ ಪಕ್ಕ ಗಿಡ್ಡ ಮಂಚದ ಮೇಲೆ ಕುಳಿತು ಬಂದವರನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡಿದಳು. ಎಂಬತ್ತು ದಾಟಿದ ಜೀವ. ಮಾತು ಮಾತ್ರ ಗಟ್ಟಿ. ತಾಯಿ ಪಾರ್ವತಿಬಾಯಿ ಚುರುಮುರಿಯ ಸುಸಲಾ, ಮಿರ್ಚಿ ಭಜಿ ತಂದಿಟ್ಟಳು. ಜ್ಞಾನೇಶ್ವರ ಎಲ್ಲರಿಗೂ ನೀರು ಕೊಟ್ಟ. ಅಂಬರೀಷನಿಗೆ ಹುಡುಗ ಹಿಡಿಸಿದ. ಎದುರಿನವರ ಮಾತು ಮುಗಿಯುವ ತನಕ ಕಾಯುವ ಹುಡುಗರು ಈಗ ಎಲ್ಲಿ ಸಿಗುತ್ತಾರೆ?

ಸುಸಲಾದ ಎರಡನೇ ಚಮಚ ಬಾಯಿಗಿಡುವಾಗ ಆ ಸದ್ದು ಕೇಳಿಸಿತು.

ಫ್ಯಾನಿನ ಗಾಳಿಗೆ ಅಡುಗೆಮನೆಯ ಬಾಗಿಲು ಪದೇ ಪದೇ ಮುಚ್ಚಿಕೊಳ್ಳುತ್ತಿತ್ತು. ಧೂಳಮ್ಮ ಕೂತಲ್ಲಿಂದಲೇ ಕಾಲು ಚಾಚಿ ಏನನ್ನೋ ಒದ್ದು ಬಾಗಿಲಿಗೆ ಅಡ್ಡ ಕೊಟ್ಟಳು. ಶಹಾಬಾದಿ ಫರಸಿಕಲ್ಲಿನ ನೆಲದ ಮೇಲೆ ಅದು ಉರುಳಿತು. ಖಾಲಿ ಶೆಲ್ಲು ಕಲ್ಲಿನ ಮೇಲೆ ಉರುಳಿದರೆ ಗಂಟೆಯ ಹಾಗೆ ಸ್ವಲ್ಪ ಮೊಳಗುತ್ತದೆ. ಇದು ಮೊಳಗಲಿಲ್ಲ. ತುಂಬಿದ ಕೊಡ ಉರುಳಿದಂಥ ಮಂದ ಸದ್ದು. ತಲೆಗೆ ಅರ್ಥವಾಗುವ ಮೊದಲೇ ಅಂಬರೀಷನ ಬೆನ್ನಿಗೆ ಅರ್ಥವಾಯಿತು.

ಬಗ್ಗಿ ನೋಡಿದ. ಮೊಣಕೈಯುದ್ದದ ಗುಂಡು, ಮೈತುಂಬ ಅರಿಶಿನ, ನಡುವಿಗೆ ಕುಂಕುಮ. ಮೂಗಿನ ತುದಿಯಲ್ಲಿ ಹಿತ್ತಾಳೆಯ ತಿರುಪು ಹಾಗೇ ಕೂತಿತ್ತು. ಗುಂಡು ನೆಲಕ್ಕೆ ತಾಗಿದ ಕೂಡಲೇ ಮದ್ದಿಗೆ ಕಿಡಿ ಕೊಡುವ ಭಾಗವೇ ಅದು. ಬುಡದ ಬಳಿ ತಾಮ್ರದ ಪಟ್ಟಿ. ಆ ಪಟ್ಟಿಯನ್ನು ನೋಡಬಾರದು ಎಂದುಕೊಂಡೇ ನೋಡಿದ. ತೋಪಿನ ನಳಿಗೆಯ ಒಳಗೆ ಸುರುಳಿ ಗೀರುಗಳಿರುತ್ತವೆ. ಗುಂಡು ಹಾರುವಾಗ ಈ ಮೆತ್ತನೆಯ ತಾಮ್ರ ಆ ಗೀರುಗಳಿಗೆ ಸಿಕ್ಕಿ ಕೊಯ್ದುಕೊಂಡು ಹೋಗುತ್ತದೆ. ಪಟ್ಟಿ ನುಣ್ಣಗಿದ್ದರೆ ಅದು ಹಾರೇ ಇಲ್ಲ, ಎಲ್ಲೋ ಗಾಡಿಯಿಂದ ಬಿದ್ದದ್ದು. ಇಲ್ಲಿ ಓರೆ ಗೀರುಗಳು ಸುತ್ತಲೂ ಎದ್ದು ಕಾಣುತ್ತಿದ್ದವು. ಹಾರಿ ಬಂದದ್ದು. ನೆಲಕ್ಕೆ ಬಡಿದದ್ದು. ಸಿಡಿಯದೆ ಉಳಿದದ್ದು.

ಜಗದೇವಿ ಎದುರಿನ ಕುರ್ಚಿಯಿಂದ ಅವನನ್ನೇ ದಿಟ್ಟಿಸುತ್ತಿದ್ದಳು. ಅವನ ಕಣ್ಣು ಎಲ್ಲಿಗೆ ಹೋಗಿದೆ ಎಂದು ಅವಳಿಗೆ ಗೊತ್ತಾಗಿತ್ತು. ಬೇಡ ಎಂದು ಸಣ್ಣಗೆ ತಲೆಯಾಡಿಸಿದಳು.

"ಆಯಿ," ಎಂದ ಅಂಬರೀಷ. "ಅದು ಎಲ್ಲಿ ಸಿಕ್ತು ನಿಮಗ?"

ಜಗದೇವಿ ಕಣ್ಣು ಮುಚ್ಚಿಕೊಂಡಳು.

"ಇದಾ?" ಧೂಳಮ್ಮನ ಮುಖ ಅರಳಿತು. "ನಮ್ಮ ಮಾವಗ ಸಿಕ್ಕಿತ್ತಂತ, ಹೈವೇ ಬಾಜುದ ಹೊಲದಾಗ. ನಿಜಾಮನ ಮ್ಯಾಲ ಪೊಲೀಸ್ ಆಕ್ಷನ್ ಆದ ಮರುವರ್ಷ ನೇಗಿಲಕ ಎದ್ದು ಬಂತಂತ. ನಾ ಮದ್ವಿ ಆಗಿ ಬಂದಾಗ ದನದ ಕೊಟ್ಟಿಗ್ಯಾಗ ಬಿದ್ದಿತ್ತು. ಗೂಟ ಬಡೀಲಿಕ್ಕ ಇದೇ, ಬದಾಮಿ ಕಾಯಿ ಒಡೀಲಿಕ್ಕ ಇದೇ. ನನ್ನ ಐದೂ ಮಕ್ಕಳು ಇದರ ಮ್ಯಾಲ ಕುಂತು ಕುದುರಿ ಆಟ ಆಡ್ಯಾವ. ಈಗ ವಯಸ್ಸಾಯ್ತು ಪಾಪ, ನನ್ನ ಹಂಗ ಬಾಗಲಾ ಕಾಯಲತದ."

ಗುರುನಾಥ ನಕ್ಕ. ದಿಗಂಬರನೂ ನಕ್ಕ. ಅಂಬರೀಷ ತಟ್ಟೆಯನ್ನು ಟೀಪಾಯಿಯ ಮೇಲೆ ಇಡಲು ಹೋದ. ಅದು ಅಂಚಿಗೆ ತಾಗಿ ನೆಲಕ್ಕೆ ಬಿದ್ದು ಝಣಗುಟ್ಟಿತು. ಆ ಸದ್ದಿಗೆ ಅವನೊಬ್ಬನೇ ಬೆಚ್ಚಿ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದ.

"ಏನಾತ್ರಿ?" ಎಂದ ಗುರುನಾಥ, ನಗು ಅರ್ಧಕ್ಕೇ ನಿಲ್ಲಿಸಿ.

"ಎಲ್ಲಾರೂ ಹೊರಗ ನಡೀರಿ," ಎಂದ ಅಂಬರೀಷ. "ಈಗೇ. ಅದನ್ನ ಯಾರೂ ಮುಟ್ಟಬ್ಯಾಡ್ರಿ. ಅದರಾಗ ಮದ್ದು ಹಂಗೇ ಅದ."

"ತಮ್ಮಾ, ಕುಂದ್ರು," ಎಂದಳು ಜಗದೇವಿ. "ಬೀಗರೇ, ತಪ್ಪು ತಿಳೀಬ್ಯಾಡ್ರಿ. ಇವಗ ಇಂಥಾದ್ದು ಕಂಡ್ರ ಮೈಮ್ಯಾಲ ಖಬರ್ ಇರಂಗಿಲ್ಲ."

"ಅಕ್ಕಾ, ನಾ ಆಟ ಆಡಾಕತ್ತಿಲ್ಲ." ಅವನು ಬೆರಳು ಮಾಡಿ ತಾಮ್ರದ ಪಟ್ಟಿ ತೋರಿಸಿದ. ಗೀರುಗಳ ಅರ್ಥ ಹೇಳಿದ. ಮೂಗಿನ ತಿರುಪು ಏಕೆ ಇರಬಾರದಿತ್ತು ಎಂದು ಹೇಳಿದ. ಜೀವಮಾನದಲ್ಲೇ ಅವನು ಶೆಲ್ಲಿನ ಬಗ್ಗೆ ಇಷ್ಟು ಕಡಿಮೆ ಮಾತಾಡಿದ್ದು ಅದೇ ಮೊದಲು. ಪಾರ್ವತಿಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದಳು. ಧೂಳಮ್ಮ ಮಾತ್ರ ಮಂಚ ಬಿಟ್ಟು ಕದಲಲಿಲ್ಲ.

"ನನ್ನ ಮನ್ಯಾಗ ಬಂದು ನನಗ ಹೊರಗ ನಡಿ ಅಂತೀರೇನು? ಅರವತ್ತ ವರ್ಷ ಆಯ್ತು ನಾ ಇದರ ಕೂಡ ಬಾಳ್ವಿ ಮಾಡಾಕತ್ತು."

ಆಗ ಜ್ಞಾನೇಶ್ವರ ಮುಂದೆ ಬಂದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅಜ್ಜಿಯನ್ನು ಎರಡೂ ಕೈಯಲ್ಲಿ ಮಗುವಿನಂತೆ ಎತ್ತಿಕೊಂಡು, ಗುಂಡನ್ನು ದೂರದಿಂದ ಬಳಸಿ, ಅಂಗಳ ದಾಟಿ ಓಣಿಯ ಆಚೆಗೆ ಹೋಗಿ ಇಳಿಸಿದ. ಉಳಿದವರು ಅವನ ಹಿಂದೆ ಓಡಿದರು. ಅಂಬರೀಷ ಅಕ್ಕಪಕ್ಕದ ಬಾಗಿಲುಗಳನ್ನು ಬಡಿದು ಜನರನ್ನು ಹೊರಡಿಸಿದ. ಗುರುನಾಥ ಪೊಲೀಸರಿಗೆ ಫೋನು ಹಚ್ಚಿದ. ಎರಡು ಸಲ ತಪ್ಪು ನಂಬರು ಒತ್ತಿದ.

ಎಲ್ಲರೂ ಒಂದೆಡೆ ನಿಂತು ಉಸಿರು ತಿರುಗಿಸಿಕೊಳ್ಳುವಾಗ ಜ್ಞಾನೇಶ್ವರ ಅಂಬರೀಷನ ತೋಳು ಹಿಡಿದ. ಹಿಡಿತ ನೋವಾಗುವಷ್ಟು ಬಿಗಿ.

"ಮಾಮಾ, ಅವು ಎರಡು ಇದ್ದವ್ರಿ."

"ಇನ್ನೊಂದು ಎಲ್ಲದ?"

ಹುಡುಗ ಜಗದೇವಿಯ ಕಡೆ ನೋಡಿದ. ಜಗದೇವಿಯ ಕೈ ತಾನಾಗಿ ಎದೆಯ ಮೇಲೆ ಹೋಯಿತು.

"ನಮ್ಮ ಮನ್ಯಾಗ," ಎಂದಳು.

ವಿಷಯ ತುಂಡು ತುಂಡಾಗಿ ಹೊರಬಂತು. ಹೆಣ್ಣು ನೋಡಲು ಬಂದ ದಿನ ವರ್ಷಾ ತನ್ನ ಮಾವನ ಹುಚ್ಚಿನ ಬಗ್ಗೆ ನಗುತ್ತ ಹೇಳಿದ್ದಳಂತೆ. ಹುಡುಗನಿಗೆ ಅದು ನೆನಪಿತ್ತು. ಮರುವಾರವೇ ಕೊಟ್ಟಿಗೆಯಲ್ಲಿ ಬಿದ್ದಿದ್ದ ಇನ್ನೊಂದು ಗುಂಡನ್ನು ತೊಳೆದು, ಸೋದರಮಾವನಿಗೆ ಉಡುಗೊರೆಯೆಂದು ಹುಮನಾಬಾದಿಗೆ ತಂದು ಜಗದೇವಿಯ ಕೈಗೆ ಕೊಟ್ಟುಹೋಗಿದ್ದ. ಈಗಲೇ ಕೊಟ್ಟರೆ ತಮ್ಮ ಅದನ್ನೇ ಹಿಡಿದುಕೊಂಡು ಬೀಗರ ತಲೆ ತಿನ್ನುತ್ತಾನೆ, ಮದುವೆ ಮುಗಿಯಲಿ ಎಂದು ಜಗದೇವಿ ಅದನ್ನು ಮುಚ್ಚಿಟ್ಟಿದ್ದಳು.

"ಎಲ್ಲಿ ಮುಚ್ಚಿಟ್ಟಿ ಅಕ್ಕಾ?"

"ಮಾಳಗಿ ಮ್ಯಾಲ. ಸಂಡಿಗಿ ಹಾಕಿದ ಅರಿವಿ ಗಾಳಿಗಿ ಹಾರಬಾರದಂತ ಅದರ ಮ್ಯಾಲ ಹೇರಿಟ್ಟೀನಿ." ಅವಳು ಅಂಬರೀಷನ ಅಂಗಿ ಹಿಡಿದುಕೊಂಡಳು. "ವರ್ಷಾ ಒಬ್ಬಾಕೀನೇ ಇದ್ದಾಳೋ ಮನ್ಯಾಗ."

ಏಪ್ರಿಲ್ ತಿಂಗಳ ಬಿಸಿಲು. ಸುಡುವ ಮಾಳಿಗೆಯ ಮೇಲೆ ಆ ಕಬ್ಬಿಣ ವಾರಗಟ್ಟಲೆ ಕಾದಿತ್ತು. ಅಂಬರೀಷ ವರ್ಷಾಳ ನಂಬರು ಒತ್ತಿದ. ಪೂರ್ತಿ ರಿಂಗಾಗಿ ನಿಂತಿತು. ಪಶ್ಚಿಮದಲ್ಲಿ ಮೋಡ ಕಟ್ಟಿ ಧೂಳುಗಾಳಿ ಎದ್ದಿತ್ತು. ಅವನು ಮತ್ತೆ ಒತ್ತಿದ.

"ಹಾಂ ಮಾಮಾ." ಅವಳ ದನಿಯ ಹಿಂದೆ ಗಾಳಿಯ ಸದ್ದು. "ಮನಿ ಹ್ಯಾಂಗದ? ಪಸಂದ ಬಂತಾ?"

"ವರ್ಷಾ, ಎಲ್ಲಿದ್ದಿ?"

"ಮೆಟ್ಟಲ ಮ್ಯಾಲ. ಇಲ್ಲಿ ಜೋರು ಗಾಳಿ ಬಿಟ್ಟದ. ಸಂಡಿಗಿ ಎಲ್ಲಾ ಒಳಗ ಹಾಕಿದೆ."

"ಅರಿವಿ ಮ್ಯಾಲ ಇಟ್ಟಿದ್ದ ಗುಂಡು?"

ಅವಳು ನಕ್ಕಳು. "ಅವ್ವ ಹೇಳೇಬಿಟ್ಳಾ? ಅದೇ ಬಗಲಾಗ ಹಿಡಕೊಂಡು ಇಳಿಯಾಕತ್ತೇನಿ. ಭಾಳ ಜಡ ಅದ ಮಾಮಾ, ಜಾರಾಕತ್ತದ."

ಸುತ್ತಲಿದ್ದವರೆಲ್ಲ ಅಂಬರೀಷನ ಮುಖವನ್ನೇ ನೋಡುತ್ತಿದ್ದರು. ಅವನು ಅವರಿಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿದ. ಅಂಗಡಿಯಲ್ಲಿ ಗಿರಾಕಿಯ ಜೊತೆ ಮಾತಾಡುವ ದನಿಯನ್ನು ಎಲ್ಲಿಂದಲೋ ಎಳೆದು ತಂದುಕೊಂಡ.

"ಅಲ್ಲೇ ನಿಂದ್ರು ಅವ್ವಿ. ಫೋನು ಭುಜದಾಗ ಒತ್ತಿ ಹಿಡಿ. ಗುಂಡು ಎರಡೂ ಕೈಲೆ ಅವಚಿ ಹಿಡಿ, ಕೂಸಿನ್ನ ಹಿಡದಂಗ. ಅದರ ಮೂಗು ಗ್ವಾಡಿಗಿ, ಕಟಾಂಜನಕ ಎಲ್ಲಿನೂ ತಾಕಬಾರದು."

"ಯಾಕ ಮಾಮಾ?"

ಹೇಳಿದರೆ ಅವಳ ಕೈ ನಡುಗಬಹುದು. ಹೇಳದಿದ್ದರೆ ದೊಪ್ಪೆಂದು ಇಟ್ಟುಬಿಡಬಹುದು. ಆ ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಯೋಚಿಸಲು ಪುರುಸೊತ್ತಿರಲಿಲ್ಲ.

"ಅದು ಖಾಲಿ ಇಲ್ಲ. ಒಳಗ ಮದ್ದು ಅದ," ಎಂದ. "ಹೆದರಬ್ಯಾಡ. ಇಷ್ಟು ವರ್ಷ ಸುಮ್ಮ ಕುಂತದ, ಇನ್ನೊಂದ್ ಜರಾ ಕುಂದ್ರತದ. ಸಮೀಪ ಮೆತ್ತಂದು ಏನದ ಹೇಳು."

ಅವಳ ಉಸಿರು ಫೋನಿನಲ್ಲಿ ದೊಡ್ಡದಾಗಿ ಕೇಳಿಸಿತು.

"ವರ್ಷಾ."

"ತೊಗರಿ ಚೀಲ ಅವ. ಮೆಟ್ಟಲ ಕೆಳಗ." ದನಿ ಒಮ್ಮೆಲೇ ಚಿಕ್ಕ ಮಗುವಿನದಾಗಿತ್ತು.

"ಶಾಣ್ಯಾಕಿ. ಒಂದೊಂದೇ ಮೆಟ್ಟಲ ಇಳಿ. ಚೀಲದ ನಡುವ ಅಡ್ಡ ಮಲಗಿಸು. ಮಲಗಿಸಿದ ಮ್ಯಾಲ ಹಿಂದ ನೋಡದಂಗ ಓಣಿಗಿ ಹೋಗು. ಚಪ್ಪಲ್ ಹುಡುಕಬ್ಯಾಡ, ಬಾಗಲಾ ಹಾಕಬ್ಯಾಡ."

ಹೆಜ್ಜೆಯ ಸದ್ದು. ನಿಂತಿತು. ಮತ್ತೆ ಹೆಜ್ಜೆ.

"ಮಾಮಾ, ಫೋನು ಕೆಳಗ ಇಡ್ತೀನಿ. ಬಗ್ಗಲಿಕ್ಕ ಬರವಲ್ದು."

ಫೋನು ಕಲ್ಲಿಗೆ ತಾಗಿದ ಸದ್ದು. ಆಮೇಲೆ ಗಾಳಿಯ ಸುಯ್ಯೆನ್ನುವ ಸದ್ದು, ಎಲ್ಲೋ ತಗಡು ಬಡಿದುಕೊಳ್ಳುವುದು. ಅಂಬರೀಷ ಇನ್ನೊಂದು ಕಿವಿಯನ್ನು ಕೈಯಿಂದ ಮುಚ್ಚಿಕೊಂಡ. ಏನೂ ಇಲ್ಲ. ಆಮೇಲೂ ಏನೂ ಇಲ್ಲ.

ಧಡ್ ಎಂದು ಒಂದು ಸದ್ದು ಅವನ ಕಿವಿಯೊಳಗೇ ಆಯಿತು.

ಫೋನನ್ನು ಕಿವಿಯಿಂದ ತೆಗೆದು ನೋಡಿದ. ಪರದೆಯ ಮೇಲೆ ವರ್ಷಾಳ ಫೋಟೋ, ಕೆಳಗೆ ಸೆಕೆಂಡುಗಳು ಓಡುತ್ತಲೇ ಇದ್ದವು. ಕರೆ ಕಡಿದಿರಲಿಲ್ಲ. ಮತ್ತೆ ಕಿವಿಗಿಟ್ಟ. ಅದೇ ಗಾಳಿ, ಅದೇ ತಗಡು.

"ಏನು ಕೇಳಿಸ್ತು?" ಎಂದಳು ಜಗದೇವಿ. "ಅಂಬರೀಷ, ಏನು ಕೇಳಿಸ್ತು ಹೇಳು."

ಅವನು ಫೋನನ್ನು ಇನ್ನಷ್ಟು ಕಿವಿಗೆ ಒತ್ತಿಕೊಂಡ. ಜಗದೇವಿ ಓಣಿಯ ಮಣ್ಣಿನಲ್ಲೇ ಕುಸಿದು ಕುಳಿತಳು. ಪಾರ್ವತಿಬಾಯಿ ಅವಳನ್ನು ಹಿಡಿದುಕೊಂಡಳು. ದಿಗಂಬರ ತನ್ನ ಫೋನಿನಿಂದ ಪಕ್ಕದ ಮನೆಯ ಮಹಜಬೀನ್‌ಗೆ ಕರೆ ಮಾಡುತ್ತಿದ್ದ. ಅವಳು ಎತ್ತಿದ ಕೂಡಲೇ ಗುರುನಾಥ ಫೋನು ಕಸಿದುಕೊಂಡು ಸ್ಪೀಕರಿಗೆ ಹಾಕಿದ.

"ನಿಮ್ಮ ವರ್ಷಾ ನಮ್ಮ ಬಾಗಲಾ ಮುಂದ ನಿಂತಾಳ ನೋಡ್ರಿ," ಎಂದಳು ಮಹಜಬೀನ್. "ಬರೀ ಕಾಲಾಗ ಓಡಿ ಬಂದಾಳ. ಏನಾಗ್ಯದ ಅಂದ್ರ ಹೇಳವಲ್ಲಳು. ನಿಮ್ಮ ಬಾಗಲಾ ಗಾಳಿಗಿ ಬಡ್ಕೊಂತು, ಹಾಕಿ ಬರ್ಲ್ಯಾ?"

"ಬ್ಯಾಡ," ಎಂದು ನಾಲ್ಕೈದು ಜನ ಒಟ್ಟಿಗೆ ಕೂಗಿದರು.

ಬಸವಕಲ್ಯಾಣದಿಂದ ಹುಮನಾಬಾದಿಗೆ ಮರಳಿದ ಆ ದಾರಿ ಅಂಬರೀಷನಿಗೆ ಆಮೇಲೆ ಎಷ್ಟು ನೆನೆದರೂ ನೆನಪಾಗಲಿಲ್ಲ. ಕಾರಿನ ಗಾಜಿಗೆ ಕೆಂಪು ಧೂಳು ಬಡಿಯುತ್ತಿದ್ದದ್ದು, ಅಕ್ಕ ಒಂದೇ ಸಮನೆ "ನಾನೇ ಇಟ್ಟೆ, ನಾನೇ ಇಟ್ಟೆ" ಎನ್ನುತ್ತಿದ್ದದ್ದು, ಇಷ್ಟೇ. ಅವರು ತಲುಪುವ ಹೊತ್ತಿಗೆ ಫೋನಿನಲ್ಲಿ ಸುದ್ದಿ ತಿಳಿದು ಬಂದಿದ್ದ ಹೆಡ್ ಕಾನ್‌ಸ್ಟೆಬಲ್ ಗುಲಾಮ್ ರಸೂಲ್ ಓಣಿಯ ಎರಡೂ ತುದಿಗೆ ಹಗ್ಗ ಕಟ್ಟಿಸಿ, ಮನೆಗಳನ್ನು ಖಾಲಿ ಮಾಡಿಸಿದ್ದ. ಹಗ್ಗದ ಆಚೆ ಮಹಜಬೀನಳ ಪಕ್ಕ ವರ್ಷಾ ನಿಂತಿದ್ದಳು. ಮಳೆಯ ದಪ್ಪ ಹನಿಗಳು ಬೀಳುತ್ತಿದ್ದವು. ಯಾರು ಕರೆದರೂ ಅವಳು ಸೂರಿನಡಿಗೆ ಹೋಗಿರಲಿಲ್ಲ. ಎರಡೂ ತೋಳುಗಳನ್ನು ಮುಂದೆ ಮಡಚಿ, ಇನ್ನೂ ಏನನ್ನೋ ಅವಚಿ ಹಿಡಿದವಳ ಹಾಗೆ ನಿಂತಿದ್ದಳು. ಜಗದೇವಿ ಅಪ್ಪಿಕೊಂಡರೂ ಆ ತೋಳುಗಳು ಬಿಚ್ಚಲಿಲ್ಲ.

"ಮೂಗು ಎಲ್ಲೂ ತಾಕ್ಲಿಲ್ಲ ಮಾಮಾ," ಎಂದಳು ಅಂಬರೀಷನಿಗೆ.

ಕಲಬುರಗಿಯಿಂದ ಬಂದ ಬಾಂಬ್ ನಿಷ್ಕ್ರಿಯ ದಳದ ಅಧಿಕಾರಿಯ ಹೆಸರು ಸಂಘರತ್ನ. ಕಡಿಮೆ ಮಾತಿನ ಮನುಷ್ಯ. ಬಸವಕಲ್ಯಾಣದ್ದನ್ನೂ ಹುಮನಾಬಾದಿನದನ್ನೂ ನೋಡಿ, ಮರಳು ತುಂಬಿದ ಪೆಟ್ಟಿಗೆಗಳಲ್ಲಿ ಮಲಗಿಸಿಕೊಂಡು ಹೋದ. ಎರಡರ ಮದ್ದೂ ಇನ್ನೂ ಜೀವಂತ ಎಂದ. ಮರುದಿನ ಹುಮನಾಬಾದಿನ ಆಚೆಯ ಪಾಳುಬಿದ್ದ ಕಲ್ಲಿನ ಗಣಿಯಲ್ಲಿ ಅವುಗಳನ್ನು ಸಿಡಿಸುವುದೆಂದು ನಿಶ್ಚಯವಾಯಿತು. ಜನರನ್ನು ಬಹಳ ದೂರದಲ್ಲೇ ತಡೆದರು. ಬರಬೇಡಿ ಎಂದರೂ ಎರಡೂ ಮನೆಯವರು ಬಂದಿದ್ದರು. ಧೂಳಮ್ಮ ಹಟ ಹಿಡಿದು ಬಂದಿದ್ದಳು. ಅವಳಿಗೆ ಕಾರಿನಿಂದ ಇಳಿಸಿ ಕುರ್ಚಿ ಹಾಕಿದರು.

"ಸುಮ್ಮ ಫುಸ್ ಅಂತದ ನೋಡ್ರಿ," ಎಂದಳು ಅವಳು. "ಅಷ್ಟು ವರ್ಷದ್ದು ಎಲ್ಲಿ ಉಳೀತದ?"

ಮೊದಲು ಕಂಡದ್ದು ಮಣ್ಣು. ಗಣಿಯ ಬಾಯಿಂದ ಕಪ್ಪು ಮಣ್ಣು ಬೇವಿನ ಮರಕ್ಕಿಂತ ಎತ್ತರ ಎದ್ದು ನಿಂತಿತು. ಆಮೇಲೆ ಸದ್ದು ಬಂತು. ಅದು ಕಿವಿಗೆ ಬರಲಿಲ್ಲ, ಎದೆಗೆ ಬಂದು ಗುದ್ದಿತು. ಕಾಲ ಕೆಳಗಿನ ನೆಲ ಒಮ್ಮೆ ಅದುರಿತು. ದೂರದ ಕಬ್ಬಿನ ಹೊಲದಿಂದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಎರಡನೆಯದು ಇನ್ನೂ ಜೋರಾಗಿತ್ತು.

ಅಂಬರೀಷ ತಾನು ಯಾವಾಗ ನೆಲದ ಮೇಲೆ ಕುಳಿತನೋ ಅವನಿಗೇ ತಿಳಿಯಲಿಲ್ಲ. ಇಪ್ಪತ್ತು ವರ್ಷದಿಂದ ಇವುಗಳ ತೂಕ ಹೇಳಿದ್ದ, ಉದ್ದ ಹೇಳಿದ್ದ, ಯಾವ ಕಾರ್ಖಾನೆಯ ಮುದ್ರೆ ಎಂದು ಹೇಳಿದ್ದ. ಒಂದರ ಸದ್ದನ್ನೂ ಕೇಳಿರಲಿಲ್ಲ. ಇದೇ ಸದ್ದು ಒಂದಾದ ಮೇಲೊಂದು ಈ ಹೊಲಗಳ ಮೇಲೆ ಬಿದ್ದ ದಿನ ಇಲ್ಲಿ ಎತ್ತು ಹೊಡೆಯುತ್ತಿದ್ದವರು, ಒಲೆ ಹಚ್ಚುತ್ತಿದ್ದವರು ಏನು ಮಾಡಿರಬಹುದು ಎಂಬ ಯೋಚನೆ ಅವನ ಕೋಣೆಯ ಯಾವ ಗುಂಡನ್ನು ಮುಟ್ಟಿದಾಗಲೂ ಬಂದಿರಲಿಲ್ಲ. ಎದ್ದು ಸಂಘರತ್ನನ ಬಳಿ ಹೋಗಿ, "ಸಾಹೇಬ್ರ, ನನ್ನ ಕೋಣಿನೂ ಒಮ್ಮಿ ನೋಡಿಹೋಗ್ರಿ. ಬೇಕಾದ್ದೆಲ್ಲ ತಗೊಂಡು ಹೋಗ್ರಿ," ಎಂದ. ಸಂಘರತ್ನ ತಲೆದೂಗಿದ.

ಧೂಳಮ್ಮ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಹೊಗೆಯನ್ನೇ ನೋಡುತ್ತಿದ್ದಳು. ತುಟಿಗಳು ಅಲುಗುತ್ತಿದ್ದವು. ಪಾರ್ವತಿಬಾಯಿ ಬಗ್ಗಿ ಕೇಳಿದರೆ, ಮುದುಕಿ ತನ್ನ ಐದು ಮಕ್ಕಳ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದಳು.

ಗುರುನಾಥ ತಲೆಯ ಪಟಗಾ ತೆಗೆದು ಕೈಯಲ್ಲಿ ಹಿಡಿದು ದಿಗಂಬರನ ಮುಂದೆ ಬಂದು ನಿಂತ. "ಬೀಗರೇ ಅನ್ಲಿಕ್ಕೂ ನಾಚಿಕಿ ಬರಾಕತ್ತದ್ರಿ. ನಿಮ್ಮ ಮಗಳ ಕೈಯಾಗ ನಾವೇ ಸಾವು ಕೊಟ್ಟಂಗಾಯ್ತು. ಈ ಸಂಬಂಧ ಬ್ಯಾಡ ಅಂದ್ರೂ ನಾವು ಬ್ಯಾಸರ ಮಾಡ್ಕೊಳಂಗಿಲ್ಲ."

ದಿಗಂಬರ ಮಗಳ ಕಡೆ ತಿರುಗಿದ. ವರ್ಷಾ ಹಿಂದಿನ ದಿನದಿಂದ ಯಾರೊಡನೆಯೂ ಸರಿಯಾಗಿ ಮಾತಾಡಿರಲಿಲ್ಲ. ಊಟ ಮಾಡಿರಲಿಲ್ಲ. ಈಗ ಅವಳು ಗುರುನಾಥನನ್ನು ದಾಟಿ, ದೂರದಲ್ಲಿ ಒಬ್ಬನೇ ತಲೆತಗ್ಗಿಸಿ ನಿಂತಿದ್ದ ಜ್ಞಾನೇಶ್ವರನ ಬಳಿಗೆ ನಡೆದಳು.

"ಒಂದ್ ಮಾತು ಕೇಳ್ತೀನ್ರಿ," ಎಂದಳು. "ನೀವು ಅದನ್ನ ನಮ್ಮ ಮನಿ ತನಕ ಹ್ಯಾಂಗ ತಂದ್ರಿ?"

ಅವನು ತಲೆ ಎತ್ತಲಿಲ್ಲ. "ಬೈಕ್ ಮ್ಯಾಲ."

"ಬೈಕ್ ಮ್ಯಾಲ ಎಲ್ಲಿ?"

"ಮುಂದ. ಟ್ಯಾಂಕಿನ ಮ್ಯಾಲ ಇಟ್ಟು, ಹೊಟ್ಟಿಗಿ ಒತ್ತಿ ಹಿಡಕೊಂಡಿದ್ದೆ."

"ಅಲ್ಲಿಂದ ಇಲ್ಲೀತನ? ಅಷ್ಟೂ ತಗ್ಗು, ಅಷ್ಟೂ ಸ್ಪೀಡ್ ಬ್ರೇಕರ್?"

"ಹೌದ್ರಿ. ದಾರ್ಯಾಗ ರಾಜೇಶ್ವರ ಊರಿನ ಹತ್ರ ಒಮ್ಮಿ ಕೆಳಗನೂ ಬಿತ್ತು."

ವರ್ಷಾ ಅವನನ್ನು ಬಾಯಿ ತೆರೆದು ನೋಡಿದಳು. ಅವಳ ಮುಖ ವಿಚಿತ್ರವಾಗಿ ಸೊಟ್ಟಗಾಯಿತು. ಅಳುತ್ತಾಳೆ ಎಂದು ಜಗದೇವಿ ಓಡಿ ಬಂದಳು. ವರ್ಷಾ ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದಷ್ಟು ನಗುತ್ತಿದ್ದಳು. ಆ ನಗು ನಡುವೆ ಎಲ್ಲೋ ಅಳುವಾಗಿ, ಮೊದಲ ಸಲ ಅವಳ ತೋಳುಗಳು ಸಡಿಲವಾಗಿ ಕೆಳಗೆ ಇಳಿದವು. ಜ್ಞಾನೇಶ್ವರ ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟ. ಅವಳು ಅದನ್ನು ಇಸಿದುಕೊಂಡು ಮುಖ ಒರೆಸಿಕೊಂಡಳು.

ಮದುವೆ ದೀಪಾವಳಿ ಕಳೆದ ಮೇಲೆ ಆಯಿತು. ಮೆರವಣಿಗೆಯಲ್ಲಿ ಪಟಾಕಿ ಮಾತ್ರ ಹಚ್ಚಬಾರದೆಂದು ಹುಡುಗಿಯ ಕಡೆಯವರು ಹೇಳುವ ಮೊದಲೇ ಧೂಳಮ್ಮ ಅಪ್ಪಣೆ ಮಾಡಿದ್ದಳು.